ಆಯ ನೋಡಿ ಕಟ್ಟಿದ ದೋಣಿ

ನಮ್ಮ ನಡುಮನೆಯ ಕೆಂಪು ಗಾರೆ ನೆಲವನ್ನು ಒಂದು ಬೇಸಿಗೆ ಪೂರ್ತಿ ಯಾರೂ ತುಳಿಯುವಂತಿರಲಿಲ್ಲ. ಊಟ ಅಡುಗೆಮನೆಯ ಮೂಲೆಯಲ್ಲಿ, ನಿದ್ದೆ ಜಗುಲಿಯಲ್ಲಿ, ಬಂದ ನೆಂಟರಿಗೆ ಹಿತ್ತಿಲ ಬಾಗಿಲಲ್ಲಿ ಸ್ವಾಗತ. ಏಕೆಂದರೆ ಆ ನೆಲದ ತುಂಬ ನನ್ನ ಹೆಂಡತಿ ಸರೋಜ ಅಡಿಗೊಂದರಂತೆ ರಂಗೋಲಿ ಚುಕ್ಕಿಗಳನ್ನಿಟ್ಟಿದ್ದಳು. ಆ ಚುಕ್ಕಿಗಳನ್ನು ನಂಬಿಕೊಂಡು ನಾನು ಸೀಮೆಸುಣ್ಣದಲ್ಲಿ ಒಂದು ದೋಣಿಯನ್ನು ಬಿಡಿಸುತ್ತಿದ್ದೆ. ಹಬ್ಬದ ದಿನ ಬಾಗಿಲ ಮುಂದೆ ಬಿಡಿಸುವ ದೋಣಿಯಲ್ಲ, ಮನುಷ್ಯರು ಕೂತು ಹೋಗುವ ದೋಣಿ: ಹನ್ನೊಂದಡಿ ಉದ್ದದ ಪ್ಲೈವುಡ್ಡಿನ ಮೈ, ಅದರ ಮೇಲೆ ಫೈಬರ್‌ಗ್ಲಾಸಿನ ಹೊದಿಕೆ. ತೆಂಗು, ರಾಗಿ, ಕುರಿಗಳನ್ನು ಬಿಟ್ಟು ಬೇರೇನನ್ನೂ ಲೆಕ್ಕಕ್ಕೆ ಹಿಡಿಯದ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ದೋಣಿಯೇಕೆ ಎಂದು ನೀವು ಹುಬ್ಬೇರಿಸುತ್ತೀರಿ. ಊರಿನವರೂ ಏರಿಸಿದರು. "ಮೇಷ್ಟ್ರು ಬೋರೆ ಗುಡ್ಡದ ಮ್ಯಾಲೆ ಹಡಗು ಬುಡ್ತಾರಂತೆ ಕಣ್ಲಾ" ಎಂಬ ಮಾತು ಕೊಬ್ಬರಿ ಒಡೆಯುವ ಕಡೆಯಲ್ಲೆಲ್ಲ ಓಡಾಡಿ ಕೊನೆಗೆ ನನ್ನ ಕಿವಿಗೂ ಬಿತ್ತು.

ಆಗ ಎಂಬತ್ತರ ದಶಕದ ಆರಂಭ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಸರೋಜ ಸರ್ಕಾರಿ ನರ್ಸು. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವುದು ಅವಳ ಕೆಲಸ. ನಮ್ಮೂರ ಕೆರೆಯ ಆಚೆ ದಡದಲ್ಲಿ ಇಪ್ಪತ್ತು ಮನೆಗಳ ಒಂದು ಹಳ್ಳಿ ಇತ್ತು. ಕೆರೆ ಒಣಗಿದ್ದರೆ ಕೆರೆಯಂಗಳ ದಾಟಿ ಅರ್ಧ ಗಂಟೆಯ ನಡಿಗೆ. ತುಂಬಿದ್ದರೆ ಏರಿ ಸುತ್ತಿ, ಹಳ್ಳ ದಾಟಿ, ಏಳು ಮೈಲಿ. ಹಿಂದಿನ ವರ್ಷ ಎಷ್ಟೋ ಕಾಲದ ಮೇಲೆ ಕೆರೆ ಕೋಡಿ ಬಿದ್ದಿತ್ತು. ಊರೆಲ್ಲ ಸೇರಿ ಗಂಗಮ್ಮನಿಗೆ ಬಾಗಿನ ಕೊಟ್ಟ ವಾರವೇ ಆಚೆ ದಡದಿಂದ ಕರೆ ಬಂತು. ಏಳು ಮೈಲಿ ಸುತ್ತಿ ಇವಳು ತಲುಪುವ ಹೊತ್ತಿಗೆ ತಾಯಿ ಉಳಿದಿದ್ದಳು, ಮಗು ಉಳಿದಿರಲಿಲ್ಲ. ಮನೆಗೆ ಬಂದವಳು ಕೆಸರುಗಾಲನ್ನೂ ತೊಳೆಯದೆ ಹೊಸ್ತಿಲಲ್ಲೇ ಕೂತು, "ಇನ್ನರ್ಧ ಗಂಟೆ ಮುಂಚೆ ಹೋಗಿದ್ರೆ ಸಾಕಿತ್ತು ಕಣ್ರೀ" ಎಂದಳು. ಆ ಅರ್ಧ ಗಂಟೆಯನ್ನು ಹೇಗಾದರೂ ಸಂಪಾದಿಸಿಕೊಡಬೇಕೆಂದು ನಾನು ಹೊರಟಿದ್ದು ಹೀಗೆ.

ಹರಿಗೋಲು ತರಿಸಿದ್ದರೆ ಸಾಕಿತ್ತಲ್ಲವೇ ಎಂದು ಕೇಳುವಿರಿ. ಸಾಕಿತ್ತು. ಆದರೆ ತಿಪಟೂರಿನ ಹಳೇ ಪೇಪರ್ ಅಂಗಡಿಯಲ್ಲಿ ನನಗೊಂದು ಇಂಗ್ಲಿಷ್ ಮಾಸಪತ್ರಿಕೆ ಸಿಕ್ಕಿತ್ತು. ಅದರ ಎರಡು ಪುಟಗಳ ತುಂಬ ಮನೆಯಲ್ಲೇ ಕಟ್ಟಬಹುದಾದ ದೋಣಿಯ ನಕ್ಷೆಯಿತ್ತು. ಡ್ರಾಯಿಂಗ್ ಮೇಷ್ಟ್ರ ಮುಂದೆ ನಕ್ಷೆ ಹರಡುವುದು ಹಸಿದವನ ಮುಂದೆ ಎಲೆ ಹಾಕಿದ ಹಾಗೆ. ಸತ್ಯ ಹೇಳಬೇಕೆಂದರೆ, ಆ ದೋಣಿಯಲ್ಲಿ ಅರ್ಧ ಪಾಲು ಸರೋಜಳ ಮೇಲಿನ ಪ್ರೀತಿಯಿತ್ತು, ಇನ್ನರ್ಧ ನನ್ನ ಜಂಬ. ಸರೋಜಳಿಗೆ ಈಜು ಬರುತ್ತಿರಲಿಲ್ಲ; ಬಾವಿಕಟ್ಟೆಯಿಂದಲೂ ಒಂದು ಮಾರು ದೂರ ನಿಲ್ಲುವ ಹೆಂಗಸು. ಅಂಥವಳು ಬಾಯಿ ಬಿಡದೆ ಚುಕ್ಕಿಯಿಡುತ್ತಿದ್ದಳೆಂದರೆ ಅವಳಿಗೆ ನನ್ನ ಮೇಲಿದ್ದ ನಂಬಿಕೆ ಎಷ್ಟೆಂದು ನನಗೆ ಆಗ ಹೊಳೆಯಬೇಕಿತ್ತು.

ನಕ್ಷೆಯಲ್ಲಿ ಒಂದು ಅಂಗುಲವೆಂದರೆ ನೆಲದ ಮೇಲೆ ಒಂದು ಅಡಿ. ಚಿಕ್ಕದನ್ನು ದೊಡ್ಡದು ಮಾಡುವುದರಲ್ಲಿ ಎಂಥ ಅಪಾಯವಿದೆ ಎನ್ನುವುದು ಈ ಕೆಲಸಕ್ಕೆ ಕೈ ಹಾಕಿದವರಿಗೇ ಗೊತ್ತು. ಕಾಗದದ ಮೇಲೆ ಪೆನ್ಸಿಲ್ಲಿನ ಗೀಟು ಕೂದಲಿನಷ್ಟು ಆಚೀಚೆ ಸರಿದರೆ ಯಾರ ಕಣ್ಣಿಗೂ ಬೀಳದು. ಹನ್ನೆರಡು ಪಟ್ಟು ಬೆಳೆದಾಗ ಅದೇ ತಪ್ಪು ದೋಣಿಯ ಸೊಂಟವನ್ನೇ ಸೊಟ್ಟ ಮಾಡುತ್ತದೆ. ಬೆನ್ನು ಬಗ್ಗಿಸಿ ಒಂದೊಂದು ಬಾಗನ್ನೂ ಮೂರು ಸಲ ಅಳೆದೆ, ಅಳಿಸಿದೆ, ಮತ್ತೆ ಎಳೆದೆ.

ಹಲಗೆ ಕೊಯ್ಯಲು ಬಂದವರು ಅರಳಗುಪ್ಪೆ ಕಡೆಯ ಸಿದ್ದಾಚಾರ್ರು. ಊರಿನ ಬಾಗಿಲು, ತೊಲೆ, ತೊಟ್ಟಿಲುಗಳೆಲ್ಲ ಅವರ ಕೈಯವು. ತುಮಕೂರಿನಿಂದ ಬಸ್ಸಿನ ಟಾಪಿನ ಮೇಲೆ ಬಂದ ಪ್ಲೈವುಡ್ಡನ್ನು ತಟ್ಟಿ ನೋಡಿ, "ಇದೇನ್ ಮೇಷ್ಟ್ರೇ, ಹಪ್ಪಳ ಪೇರಿಸ್ದಂಗೈತೆ" ಎಂದರು. ಕೊಯ್ದ ಹಲಗೆಗಳ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಆ ಹೊಲಿಗೆಯ ಮೇಲೆ ಫೈಬರ್‌ಗ್ಲಾಸಿನ ಬಟ್ಟೆ ಹಾಸಿ ರಾಳ ಬಳಿಯಬೇಕು. ರಾಳ ಬೆಂಗಳೂರಿನಿಂದ ಬಂತು. ತಂತಿ, ಪಂಪ್‌ಸೆಟ್ ಮೋಟರು ಕಟ್ಟುವ ತಿಪಟೂರಿನ ಅಂಗಡಿಯಿಂದ. ಎರಡು ಪಕ್ಕೆ, ತಳ, ಎಲ್ಲವೂ ಮುತ್ತುಗದ ಎಲೆ ಹಚ್ಚಿದಷ್ಟು ಸಲೀಸಾಗಿ ಕೂಡಿಕೊಂಡವು. ಕೊನೆಗೆ ಹಿಂಬದಿಯನ್ನು ಮುಚ್ಚುವ ಹಲಗೆ ಮಾತ್ರ ಕೂರಲೊಲ್ಲದು. ಬಲಕ್ಕೆ ಒತ್ತಿ ಕೂರಿಸಿದರೆ ಹಿಂದಿನ ಎಡಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಸಂದು.

ನಾನು ನೆಲದ ಗೀಟುಗಳನ್ನು ಮತ್ತೆ ಅಳೆದೆ, ಸರಿಯಿದ್ದವು. ಹಲಗೆಗಳನ್ನು ಅಳೆದೆ, ಪಕ್ಕೆಗಳೂ ತಳವೂ ಎರಡೆರಡು ಬೆರಳು ಗಿಡ್ಡ. ಮೈಯೆಲ್ಲ ಉರಿದುಹೋಯಿತು. "ಏನ್ರೀ ಆಚಾರ್ರೇ ಇದು?" ಎಂದೆ.

ಅವರು ಉಳಿ ಕೆಳಗಿಟ್ಟು, ಅಳುಕದೆ ಹೇಳಿದರು: "ನಾನೇ ಕೊಯ್ದೆ ಮೇಷ್ಟ್ರೇ. ನಿಮ್ ಅಳತೆಗೆ ಕಾಕಾಯ ಬತ್ತಿತ್ತು. ಎಲ್ಡ್ ಬೆರಳು ಕಮ್ಮಿ ಮಾಡಿದ್ರೆ ಗಜಾಯ. ಹಸುಗೂಸಿನ ತೊಟ್ಲಿಗೇ ಆಯ ನೋಡ್ತೀನಿ, ನೀರಿನ ಮ್ಯಾಲೆ ನರ್ಸಮ್ಮ ಕೂರೋದಕ್ಕೆ ನೋಡ್ದೆ ಇರಾಕಾಯ್ತದಾ?"

ಮನೆಯೋ ಬಾವಿಯೋ ಬಾಗಿಲೋ, ಉದ್ದಗಲಗಳನ್ನು ಗುಣಿಸಿ ಎಂಟರಿಂದ ಭಾಗಿಸಿ, ಉಳಿದ ಶೇಷದಲ್ಲಿ ಶುಭಾಶುಭ ನೋಡುವುದು ನಮ್ಮ ಕಡೆಯ ಮರಗೆಲಸದವರ ಪದ್ಧತಿ. ಅದರಲ್ಲಿ ಕಾಕಾಯ, ಎಂದರೆ ಕಾಗೆಯ ಆಯ, ಯಾರಿಗೂ ಬೇಡವಾದದ್ದು. ಆನೆಯ ಆಯ ಎಲ್ಲರಿಗೂ ಬೇಕಾದದ್ದು. ಯಾವುದೋ ತಣ್ಣನೆಯ ದೇಶದಲ್ಲಿ ನಕ್ಷೆ ಬರೆದ ಪುಣ್ಯಾತ್ಮನಿಗೆ ತನ್ನ ದೋಣಿ ಕಾಗೆಯ ಲೆಕ್ಕಕ್ಕೆ ಬರುತ್ತದೆಂದು ಎಲ್ಲಿ ಗೊತ್ತಿರಬೇಕು! ಆ ದಿನ ನಾನು ನಗಲಿಲ್ಲ. ವಯಸ್ಸಿನಲ್ಲಿ ಹಿರಿಯರೆಂದೂ ನೋಡದೆ ರೇಗಾಡಿದೆ. ಸ್ಟಾಫ್ ರೂಮಿನಲ್ಲಿ, ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಆಚಾರ್ರ ಎರಡು ಬೆರಳಿನ ಕಥೆಯನ್ನು ಬಣ್ಣ ಕಟ್ಟಿ ಹೇಳಿಕೊಂಡು ತಿರುಗಿದೆ.

ಸಂದಿಗೆ ಮರದ ಪುಡಿ ಕಲಸಿದ ರಾಳ ತುಂಬಿದೆ. ಅದರ ಮೇಲೆ ಎರಡು ಪದರ ಬಟ್ಟೆ ಹಾಕುವುದೆಂದು ನಿಶ್ಚಯ. ಏಪ್ರಿಲ್ ತಿಂಗಳ ಮಧ್ಯಾಹ್ನ, ಬೇಗ ಗಟ್ಟಿಯಾಗಲೆಂದು ರಾಳಕ್ಕೆ ಹಾರ್ಡನರ್ ಒಂದು ಮುಚ್ಚಳ ಹೆಚ್ಚೇ ಸುರಿದೆ. ಮೊದಲ ಪದರ ಹಾಸಿ ತಿರುಗುವಷ್ಟರಲ್ಲಿ ಡಬ್ಬಿ ಕೈಗೆ ಬಿಸಿ ತಾಗಿತು, ಹೊಗೆಯೆದ್ದಿತು, ನೋಡನೋಡುತ್ತ ಉಳಿದಿದ್ದ ರಾಳವೆಲ್ಲ ಕಲ್ಲಾಯಿತು. ಉಳಿದ ಕಡೆಯೆಲ್ಲ ಎರಡು ಪದರ, ಆ ಎಡಮೂಲೆಗೆ ಒಂದೇ. ಬರುವ ಭಾನುವಾರ ಬೆಂಗಳೂರಿಗೆ ಹೋಗಿ ರಾಳ ತರೋಣವೆಂದುಕೊಂಡೆ. ಆ ಭಾನುವಾರ ಮದುವೆಯಿತ್ತು, ಅದರ ಮುಂದಿನದಕ್ಕೆ ಪರೀಕ್ಷೆಯ ಪೇಪರುಗಳಿದ್ದವು. ಅಷ್ಟರಲ್ಲಿ ನೀಲಿ ಬಣ್ಣ ಬಳಿದಾಯಿತು. ಬಣ್ಣ ಬಳಿದ ಮೇಲೆ ಒಂದು ಪದರಕ್ಕೂ ಎರಡು ಪದರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆಚಾರ್ರ ತಪ್ಪನ್ನು ಊರಿಗೆಲ್ಲ ಸಾರಿದವನು ನನ್ನದನ್ನು ಹೆಂಡತಿಗೂ ಹೇಳಲಿಲ್ಲ.

ಮಳೆಗಾಲ ಬಂತು, ಕೆರೆ ತುಂಬಿತು. ದೋಣಿಯ ಮೂತಿಗೆ ಅರಿಸಿನ ಕುಂಕುಮವಿಟ್ಟು ನೀರಿಗಿಳಿಸಿದೆವು. ನಾನೊಬ್ಬನೇ ಕೂತು ಹುಟ್ಟು ಹಾಕಿದಾಗ ಹಿಂಬದಿ ನೀರಿನಿಂದ ಮೇಲೆದ್ದೇ ಇರುತ್ತಿತ್ತು. ಒಂದು ಹನಿಯೂ ಒಳಗೆ ಬರಲಿಲ್ಲ. ಅಲ್ಲಿ ಇನ್ನೊಬ್ಬರು ಕೂತರೆ ಆ ಮೂಲೆ ನೀರಿನಲ್ಲಿ ಮುಳುಗುತ್ತದೆಂದು ನನಗೆ ತಿಳಿದಿತ್ತು. ಹಾಗೆ ಕೂರಿಸಿ ನೋಡುವ ಧೈರ್ಯವೊಂದು ಬರಲಿಲ್ಲ.

ಒಂದು ಮಧ್ಯಾಹ್ನ ಆಚೆ ದಡದ ಕೆಂಚಣ್ಣ ಬೆವರು ಸುರಿಸುತ್ತ ಬಂದ. ಹಳ್ಳದಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಿ, ಏಳು ಮೈಲಿ ಸುತ್ತಿ ಬಂದಿದ್ದ. "ಸೊಸೆಗೆ ಬೆಳಗಿಂದ ನೋವು ನರ್ಸಮ್ಮ, ಕೂಸು ಅಡ್ಡ ಬಿದ್ದೈತೆ ಅಂತಾರೆ" ಎಂದ. ಸರೋಜ ಚೀಲ ಎತ್ತಿಕೊಂಡು ನೇರ ಕೆರೆಯ ಕಡೆ ನಡೆದಳು. ನಾನು ಹಿಂದೆ ಓಡಿದೆ. ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಹೇಳಿ ಅವಳು ಹತ್ತದಿದ್ದರೆ? ಹೇಳದೆ ದೋಣಿ ಮುಳುಗಿದರೆ? ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ತಾಳಿ ಹಿಡಿದು, ಹಿಂದೆ ಕೂರುವ ಹಲಗೆಯ ಮೇಲೆ ಕೂತಾಗಿತ್ತು.

ಹುಟ್ಟು ಹಾಕುವವನು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಹಾಗಾಗಿ ದಾರಿಯುದ್ದಕ್ಕೂ ನನ್ನ ಕಣ್ಣೆದುರಿಗೆ ಇದ್ದದ್ದು ಎರಡೇ, ಸರೋಜಳ ಮುಖ ಮತ್ತು ಆ ಮೂಲೆ. ನಡುಗೆರೆಗೆ ಬಂದಾಗ ಅವಳು ಕಾಲು ಎತ್ತಿದಳು.

"ರೀ, ಕಾಲಡೀಲಿ ನೀರು."

"ಹುಟ್ಟಿಂದ ಚಿಮ್ಮಿದ್ದು ಕಣೇ" ಎಂದೆ. ನಾಲಿಗೆ ತಾನಾಗಿಯೇ ಆಡಿಬಿಟ್ಟಿತು.

ಅವಳು ಬಗ್ಗಿ ನೋಡಿದಳು. ನೀಲಿ ಬಣ್ಣ ಕೂದಲಿನಷ್ಟು ಸೀಳಿತ್ತು. ಅದರೊಳಗಿಂದ ನೀರು ಸಣ್ಣಗೆ, ಬಿಡದೆ ಒಸರುತ್ತಿತ್ತು. "ಇಲ್ಲಿಂದ ಬತ್ತೈತೆ. ನಿಮ್ಗೆ ಗೊತ್ತಿತ್ತಾ?"

ಎರಡು ಸಲ ಹುಟ್ಟು ಎಳೆದೆ. "ಗೊತ್ತಿತ್ತು. ಅಲ್ಲೊಂದೇ ಪದರ. ಬೇಸಿಗೇಲೇ ರಾಳ ಮುಗ್ದೋಯ್ತು."

ಅವಳು ಚೀಲದಿಂದ ಹತ್ತಿಯ ಸುರುಳಿ ತೆಗೆದಳು, ಏನನ್ನೋ ಯೋಚಿಸಿ ವಾಪಸಿಟ್ಟಳು. ಅದು ಕೆಂಚಣ್ಣನ ಸೊಸೆಗೆ ಬೇಕಾದದ್ದು. ಸೆರಗಿನ ತುದಿಯನ್ನು ಮುದುರಿ ಸೀಳಿಗೆ ಒತ್ತಿ ಅದರ ಮೇಲೆ ಹಿಮ್ಮಡಿಯಿಟ್ಟಳು. ಸೂಜಿ ಕುದಿಸುವ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ನೀರನ್ನು ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ಅಷ್ಟು ಜೋರಾಗಿ ಹುಟ್ಟು ಎಳೆದದ್ದು ನನ್ನ ಜನ್ಮದಲ್ಲೇ ಇಲ್ಲ. ದಡದ ಜೊಂಡು ದೋಣಿಯ ತಳಕ್ಕೆ ತಾಗಿದಾಗ ನೀರು ಅವಳ ಕಾಲ್ಗೆಜ್ಜೆಯವರೆಗೆ ಬಂದಿತ್ತು.

ಇಳಿಯುವ ಮೊದಲು ಅವಳು ಒಂದೇ ಮಾತು ಹೇಳಿದಳು. "ಹೇಳಿದ್ರೂ ಹತ್ತುತಿದ್ದೆ ಕಣ್ರೀ. ಅಲ್ಲಿ ಆ ಹುಡುಗಿ ಒದ್ದಾಡ್ತಿರುವಾಗ ದಡದಲ್ಲಿ ನಿಂತಿರ್ತಿದ್ನಾ? ಆದ್ರೆ ತಿಳ್ಕಂಡು ಹತ್ತುತಿದ್ದೆ."

ಸಂಜೆಗೆ ಮೊದಲೇ ಹೆಣ್ಣುಮಗು ಹುಟ್ಟಿತು. ಅದರ ಅಳು ಕೇಳಿದಾಗ ನನಗೂ ಅಳು ಬಂತು. ಸರೋಜ ಅಲ್ಲೇ ಉಳಿದು ಬೆಳಿಗ್ಗೆ ಹೊರಟಳು, ನಡೆದುಕೊಂಡು. ಏಳು ಮೈಲಿ. ನಾನು ಖಾಲಿ ದೋಣಿಯಲ್ಲಿ ಈಚೆ ಬಂದೆ.

ಆ ವಾರವೇ ಬೆಂಗಳೂರಿಗೆ ಹೋಗಿ ರಾಳ ತಂದು ಆ ಮೂಲೆಗೆ ಮೂರು ಪದರ ಹಾಸಿದೆ. ಸಿದ್ದಾಚಾರ್ರ ಮನೆಗೆ ಹೋಗಿ ಬೈದದ್ದಕ್ಕೆ ಕ್ಷಮೆ ಕೇಳಿದೆ. ಅವರು, "ಆಯ ಸರಿಯಿದ್ದಕ್ಕೆ ದಡ ಸೇರಿದ್ರಿ ಬುಡಿ" ಎಂದು ನಕ್ಕರು. ಅವರ ಲೆಕ್ಕವನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಕೇಳಿದ ಗಳಿಗೆಯಲ್ಲೇ 'ನಾನೇ ಕೊಯ್ದೆ' ಎಂದ ಆ ಮುದುಕರ ಗಂಟಲನ್ನು ನನಗೂ ಒಂದಿಷ್ಟು ಕೊಡಬಾರದಿತ್ತೇ ದೇವರು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆಮೇಲೂ ಸರೋಜ ದೋಣಿಯಲ್ಲಿ ಹೋದಳು. ಕೆಲಸ ಬಿಡುವ ಹೆಂಗಸಲ್ಲ. ಪ್ರತಿ ಸಲವೂ ಮೊದಲು ಆಚಾರ್ರನ್ನು ದಡಕ್ಕೆ ಕರೆಸುತ್ತಿದ್ದಳು. ಅವರು ಸುತ್ತ ಕೈಯಾಡಿಸಿ ನೋಡಿದ ಮೇಲೆ, "ಆಚಾರ್ರೇ, ಹತ್ಲಾ?" ಎಂದು ಕೇಳುತ್ತಿದ್ದಳು. ನಾನು ಹುಟ್ಟು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ. ನನ್ನನ್ನು ಕೇಳುತ್ತಿರಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ದಿನ ಕರೆ ಬಂದಾಗ ಆಚಾರ್ರು ಊರಲ್ಲಿರಲಿಲ್ಲ, ತುರುವೇಕೆರೆಗೆ ಹೋಗಿದ್ದರು. ಸರೋಜ ದಡದಲ್ಲಿ ನಿಂತು ನೀರನ್ನು ನೋಡಿದಳು, ದೋಣಿಯನ್ನು ನೋಡಿದಳು, ಬಹಳ ಹೊತ್ತಾದ ಮೇಲೆ ನನ್ನನ್ನು ನೋಡಿದಳು.

"ಎಲ್ಲೆಲ್ಲಿ ಸರಿಯಿಲ್ಲ, ಹೇಳಿ."

ನಾನು ಹೇಳಿದೆ. ಬಲಗಡೆಯ ಹುಟ್ಟಿನ ಕೊಂಡಿ ಸಡಿಲವಾಗಿದೆ. ಮೂತಿಯ ಕೆಳಗೆ ಕಲ್ಲು ತಾಗಿ ಗೀರಾಗಿದೆ, ಸೋರುವುದಿಲ್ಲ, ಸೋರಲೂಬಹುದು. ಕೂರುವ ಹಲಗೆಯ ಒಂದು ತಿರುಪು ತುಕ್ಕು ಹಿಡಿದಿದೆ. ಗಾಳಿ ಎದ್ದರೆ ದೋಣಿ ಎಡಕ್ಕೆ ಎಳೆಯುತ್ತದೆ. ಮತ್ತೆ, ನನಗೂ ಭಯವಾಗುತ್ತದೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಚೀಲವನ್ನು ನನ್ನ ಕೈಗೆ ಕೊಟ್ಟು, ಸೀರೆಯನ್ನು ಒಂದಿಷ್ಟು ಮೇಲಕ್ಕೆತ್ತಿಕೊಂಡು, ಹತ್ತಿ ಕೂತಳು.