ಖಾರದಪುಡಿಗೆ ಅಂಟಿದ ಮೆಸೇಜು

ಕುರುಗೋಡಿನ ಶಹಜಾದಿ ಖಾರ ಕುಟ್ಟುವ ಗಿರಣಿ ನಡೆಸತೊಡಗಿ ಹತ್ತೊಂಬತ್ತು ವರ್ಷ. ಗಂಡ ಮಾಬುಸಾಬ್ ತೀರಿಕೊಂಡ ಮೇಲೆ ಬೆಲ್ಟು ಹಾಕುವುದು, ಯಂತ್ರದ ಸವೆದ ಹಲ್ಲು ಬದಲಿಸುವುದು ಎಲ್ಲ ಒಬ್ಬಳೇ. ಬೇಸಿಗೆಯ ಎರಡು ತಿಂಗಳು ಪಕ್ಕದ ಬಾದನಹಟ್ಟಿಯಿಂದಲೂ ಮೆಣಸಿನಕಾಯಿ ಚೀಲ ಬರಬೇಕು. ಅದರಲ್ಲೇ ಅವಳ ವರ್ಷದ ಊಟ.

ಕಬ್ಬಿಣದ ಅದಿರಿನ ಲಾರಿಗಳು ಊರಿಗೆಲ್ಲ ಕೆಂಪು ಧೂಳು ಬಳಿಯುತ್ತಿದ್ದ 2009ರ ಬೇಸಿಗೆಯಲ್ಲಿ ಎಲ್ಲರ ಮೊಬೈಲಿಗೂ ಒಂದು ಮೆಸೇಜು ಬಂತು: ‘ಗಿರಣಿಯವರು ಖಾರದಪುಡಿಗೆ ಮೈನ್ಸ್ ಮಣ್ಣು ಬೆರೆಸ್ತಾರ. ಅಯಸ್ಕಾಂತ ಹಿಡಿದು ನೋಡ್ರಿ. ಹತ್ತು ಮಂದಿಗೆ ಕಳಸ್ರಿ.’ ಯಾವ ಗಿರಣಿ, ಕಂಡವರು ಯಾರು, ಒಂದೂ ಇಲ್ಲ. ದಿನಕ್ಕೆ ನೂರು ಮೆಸೇಜು ಪುಕ್ಕಟೆ. ಒಂದು ಓದುವಷ್ಟರಲ್ಲಿ ಇನ್ನೊಂದು. ಕೂತು ವಿಚಾರ ಮಾಡುವ ಪುರುಸೊತ್ತು ಯಾವ ಪುಣ್ಯಾತ್ಮನಿಗೆ?

ಜನ ಹಳೇ ಸ್ಪೀಕರು ಒಡೆದು ಅಯಸ್ಕಾಂತ ಕಿತ್ತರು. ಪುಡಿಗೆ ಹಿಡಿದರೆ ನಾಲ್ಕು ಕಪ್ಪು ಕಣ ಅಂಟಿದವು. ಮುಗಿಯಿತಲ್ಲ!

‘ಅದು ಗಿರಣಿ ಹಲ್ಲು ಸವದ ಕಬ್ಬಿಣ, ಚನ್ನವೀರಮ್ಮ! ಯಾವ ಗಿರಣಿ ಪುಡಿಗೆ ಹಿಡಿದ್ರೂ ಹತ್ತತೈತಿ’ ಎಂದು ಶಹಜಾದಿ ಬಾಯಿ ಬಡಿದುಕೊಂಡಳು.

‘ಮೆಸೇಜಿನ್ಯಾಗ ಹಂಗಿಲ್ಲಲ್ಲ ಬೂಬಮ್ಮ’ ಎಂದು ಹದಿನೈದು ವರ್ಷಗಳಿಂದ ಗಿರಾಕಿಯಾಗಿದ್ದ ಚನ್ನವೀರಮ್ಮ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಊರಿನ ಮೂರೂ ಗಿರಣಿ ಬಣಗುಟ್ಟಿದವು.

ಶಹಜಾದಿಗೆ ತಲೆ ಕೆಟ್ಟುಹೋಯಿತು. ಕಾಲೇಜಿಗೆ ಹೋಗುವ ಮಗಳು ಮುಸ್ಕಾನ್‌ಳನ್ನು ಕೂರಿಸಿ, ತಾನೂ ಒಂದು ಮೆಸೇಜು ಬರೆಸಿದಳು. ‘ಊರಿನ ಹಿರಿಯರಿಗೆ, ಅಕ್ಕತಂಗೇರಿಗೆ ಶಹಜಾದಿ ಮಾಡುವ ಸಲಾಮು, ಶರಣು’ ಎಂದು ಶುರುವಾದದ್ದು ಮುಗಿಯಲೊಲ್ಲದು.

‘ಅಮ್ಮೀ, ಭಾಳ ಉದ್ದ ಆತು. ಎರಡು ತುಂಡಾಗಿ ಹೋಗತೈತಿ.’

‘ಮರ್ಯಾದಿ ಬಿಟ್ಟು ಹೆಂಗ ಮಾತಾಡ್ಲಿ? ಸುಮ್ನ ಬರದು ಊರಿಗೆಲ್ಲ ಕಳಸು!’

ಮೂರನೆಯ ದಿನ ಉಳಿದೆರಡು ಗಿರಣಿಗಳು ಮತ್ತೆ ಗಡಗಡ ಸದ್ದು ಮಾಡಿದವು. ಇವಳ ಬಾಗಿಲಿಗೆ ಮಾತ್ರ ನರಪಿಳ್ಳೆಯಿಲ್ಲ. ಚನ್ನವೀರಮ್ಮ ಚೀಲ ಹೊತ್ತು ಎದುರಿಗೇ ದಾಟಿ ಹೋಗುತ್ತಿದ್ದಳು. ಶಹಜಾದಿ ಅಡ್ಡ ನಿಂತು, ‘ನನ್ನ ಮೆಸೇಜು ಬರಲಿಲ್ಲೇನು?’ ಎಂದು ಕೇಳಿದಳು.

‘ಬಂತಲ್ಲ’ ಎಂದು ಅವಳು ಫೋನು ಚಾಚಿದಳು. ಒಳಗಿಂದ ಬಂದ ಮುಸ್ಕಾನ್ ಓದಿದಳು. ಸಲಾಮು ಇತ್ತು, ಶರಣು ಇತ್ತು. ‘ಶಹಜಾದಿ ಗಿರಣ್ಯಾಗ ಖಾರದಪುಡಿಗೆ ಮೈನ್ಸ್ ಮಣ್ಣು ಬೆರೆಸ್ತಾರ’ ಎಂಬಲ್ಲಿಗೆ ಮೆಸೇಜು ನಿಂತಿತ್ತು. ‘ಅನ್ನೋದು ಶುದ್ಧ ಸುಳ್ಳು’ ಎಂಬ ಎರಡನೇ ತುಂಡು ಮುಟ್ಟಿಯೇ ಇರಲಿಲ್ಲ.

‘ಇಷ್ಟು ದಿನ ಯಾವ ಗಿರಣಿ ಅಂತ ತಿಳೀದ ಒದ್ದಾಡಿದ್ವಿ’ ಎಂದಳು ಚನ್ನವೀರಮ್ಮ. ‘ನೀನ ಖುದ್ದು ಒಪ್ಪಿಕೊಂಡಿ. ಪುಣ್ಯ ಬರಲಿ ಬೂಬಮ್ಮ.’