ಉರಿಯದ ಉಣ್ಣೆ

ನಿನ್ನೆ ಇಸ್ತ್ರಿಪೆಟ್ಟಿಗೆಯನ್ನು ಸ್ವೆಟರಿನ ಮೇಲೆ ಮರೆತೆ. ಸುಟ್ಟ ಉಣ್ಣೆಯ ಕಮಟು ಮೂಗಿಗೆ ಬಡಿದದ್ದೇ ತಡ, ವೈನಿ ಎದುರು ಬಂದು ನಿಂತಂತಾಯಿತು...

ಎಂಬತ್ತರ ದಶಕದಲ್ಲಿ, ನಾವು ದೇಶ ಬಿಟ್ಟು ಬಂದು ನೆಲೆಸಿದ್ದ ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಧಾರವಾಡದವರು, ನಾನು ಅತ್ತಿಗೆ ಎನ್ನುವ ಮೈಸೂರಿನವಳಾದರೂ ಅವರ ಕಡೆಯಂತೆ ವೈನಿ ಎಂದೇ ಕರೆಯುತ್ತಿದ್ದೆ. ಗಂಡ ಇಂಜಿನಿಯರು, ಹಬ್ಬಕ್ಕೆ ರೇಷ್ಮೆ ಪಂಚೆ ಉಟ್ಟು ಎಲ್ಲರಿಗೂ ಕೈಮುಗಿಯುವ ಸಭ್ಯಸ್ಥ. ಅವನ ಸಭ್ಯತೆಗಿಷ್ಟು ಬೆಂಕಿ ಹಾಕ! ಒಂದು ಸಂಜೆ ವೈನಿಯ ತಲೆಯನ್ನು ಎಷ್ಟು ಜೋರಾಗಿ ಗೋಡೆಗೆ ಗುದ್ದಿದನೆಂದರೆ, ಆ ಪೊಳ್ಳು ಗೋಡೆ ನಮ್ಮ ಹಾಲಿನ ಕಡೆಗೂ ಬಿರುಕು ಬಿಟ್ಟಿತು.

ವೈನಿ ಮನೆ ಬಿಟ್ಟರು. ಆಫೀಸಿನ ಗೆಳತಿಯೊಬ್ಬಳು ಬೆಟ್ಟದ ಮೇಲಿನ ತನ್ನ ಜಾಗದಲ್ಲಿ ಯರ್ಟ್ ಕಟ್ಟಿಕೊಳ್ಳಲು ಹೇಳಿದಳು. ಮಂಗೋಲಿಯಾದ ಕುರಿಗಾಹಿಗಳ ದುಂಡನೆಯ ಗುಡಾರದಂಥ ಮನೆ ಅದು. ಒಳಗೆ ಮರದ ಜಾಲರಿ, ಹೊರಗೆ ಕ್ಯಾನ್ವಾಸು, ನಡುವೆ ಚಳಿ ತಡೆಯುವ ಪದರ. ಆ ಪದರಕ್ಕೆ ಅಂಗಡಿಯವನು ಫೋಮು ತೋರಿಸಿದ. ಹಗುರ, ಅಗ್ಗ ಎಂದ. ವೈನಿ ಹೊರಗೆ ನಿಂತು ಫೋಮಿನ ಚೂರಿಗೊಂದು, ಒತ್ತಿದ ಉಣ್ಣೆಯ ಚೂರಿಗೊಂದು ಕಡ್ಡಿ ಗೀರಿದರು. ಫೋಮು ಕಪ್ಪು ಹೊಗೆ ಕಾರುತ್ತ ಕರಗಿ ತೊಟ್ಟಿಕ್ಕಿತು. ಉಣ್ಣೆ ನಾರಿತು, ಮುದುಡಿತು, ಆರಿತು.

"ನಮ್ಮಜ್ಜಿ ಒಲೀ ಮುಂದ ಕಂಬಳಿ ಹೊತಗೊಂಡ ಕೂಡತಿದ್ಲು. ಕಿಡಿ ಬಿದ್ರ ತಾನ ಆರತಿತ್ತು. ಅಂವಾ ಬಂದ ಬರ್ತಾನ ನೋಡವಾ. ಬಂದಾಗ ನನ್ನ ಗ್ವಾಡಿ ಉರೀಬಾರದು," ಎಂದರು.

ಅವನಿಗೆ ವೈನಿ ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಹೇಳಿದವರು ನಮ್ಮವರೇ! ನಮ್ಮ ಕನ್ನಡದ ಗುಂಪಿನ ಹಿರಿಯರೊಬ್ಬರು, ದೀಪಾವಳಿಗಾದರೂ ಗಂಡ ಹೆಂಡತಿ ಒಂದಾಗಲಿ ಎಂದು, ಚಕ್ಕುಲಿ ಡಬ್ಬದ ಜೊತೆಗೆ ವಿಳಾಸವನ್ನೂ ಕೊಟ್ಟು ಕಳಿಸಿದ್ದರು. ಅವರ ಹಿರಿತನ ಹಾಳಾಗ.

ಹಬ್ಬದ ಮಧ್ಯಾಹ್ನ ನಾನು ವೈನಿಯ ಜೊತೆ ಒಳಗೇ ಇದ್ದೆ. ಅವನು ಹೊರಗೆ ಚಕ್ಕುಲಿ ಡಬ್ಬವನ್ನು ಹುಲ್ಲಿನ ಮೇಲಿಟ್ಟು ಗೋಡೆಗೆ ಪೆಟ್ರೋಲು ಸುರಿದ. ಕ್ಯಾನ್ವಾಸು ಭಗ್ಗೆಂದಿತು. ಉಣ್ಣೆ ಹೊಗೆಯಾಡಿತು, ಕರಕಲಾಯಿತು, ಹತ್ತಿಕೊಳ್ಳಲಿಲ್ಲ. ವೈನಿ ಬಾಗಿಲು ಒದ್ದು, ಒಲೆಯ ಸಲಾಕೆ ಹಿಡಿದು ಹೊರಗೆ ನುಗ್ಗಿದರು. ಅವನ ಮೊಣಕೈ ಮುರಿದ ಸದ್ದು ಇಂದಿಗೂ ನನ್ನ ಕಿವಿಯಲ್ಲಿ...

"ಇನ್ನೊಂದ ಹೆಜ್ಜಿ ಇಡು, ತಲೀ ಒಡೀತೀನಿ!"

ಇಡಲಿಲ್ಲ ಹೇಡಿ. ಪೊಲೀಸರು ಬರುವವರೆಗೂ ಅಲ್ಲೇ ಕೂತು ಗೊಳೋ ಎಂದು ಅತ್ತ.

ವೈನಿ ಹೊಸ ಕ್ಯಾನ್ವಾಸು ಹೊದಿಸಿ ಅದೇ ಉಣ್ಣೆಯೊಳಗೆ ಬದುಕಿದರು. ಕಳೆದ ಚಳಿಗಾಲದಲ್ಲಿ ಅಲ್ಲೇ, ನಿದ್ದೆಯಲ್ಲಿ ಹೋದರು. ಯಾರೂ ಕೊಲ್ಲಲಿಲ್ಲ. ಅವರು ಬಯಸಿದ್ದು ಅಷ್ಟೇ. ನನಗೆ ಮಾತ್ರ ಅಷ್ಟು ಸಾಲದು. ಸ್ವೆಟರಿನ ಸುಟ್ಟ ತೂತಿಗೆ ಬೆರಳಿಟ್ಟುಕೊಂಡು ನಿನ್ನೆ ಗಟ್ಟಿಯಾಗಿ ಅತ್ತೆ.