ಎಡಗಾಲಿನ ತಗ್ಗು

ಅವ್ವಾರೇ, ನಿಮ್ಮ ದೇವರ ಮನೆಯ ಮುಂದಿರುವ ಬಿಳಿ ಮೆಟ್ಟಿಲುಗಲ್ಲು ನಿಮ್ಮದಲ್ಲ. ನಿಮ್ಮ ಕಲ್ಲನ್ನು ನಾನು ಒಡೆದೆ. ಅದರ ಜಾಗದಲ್ಲಿ ಬೇರೆ ಕಲ್ಲು ಕೂಡಿಸಿ, ಅದೇ ಇದು ಎಂದು ನಿಮ್ಮ ಮುಖ ನೋಡಿ ಹೇಳಿದೆ. ಏಳು ವರ್ಷವಾಯಿತು. ಇದನ್ನು ಬರೆಯುತ್ತಿರುವುದು ಒಡೆದ ಕಲ್ಲಿಗಾಗಿ ಅಲ್ಲ.

ಕೋಠಿ ಬಡಾವಣೆಯ ನಿಮ್ಮ ಹಳೆ ಮನೆ ಕೆಡವುವಾಗ ನಿಮ್ಮ ಮಗಳು ಗೀತಕ್ಕ ಉಳಿಸಿಕೊಡು ಎಂದು ಕೇಳಿದ್ದು ಒಂದೇ ವಸ್ತು. ನಿಮ್ಮ ಮಾವನವರು ದೇವರ ಮನೆಯ ಮೆಟ್ಟಿಲಿಗೆಂದು ರಾಜಸ್ಥಾನದ ಮಕ್ರಾನಾದಿಂದ ರೈಲಿನಲ್ಲಿ ತರಿಸಿದ ಹಾಲುಗಲ್ಲು. ಸೊಸೆಯಾಗಿ ಬಂದ ದಿನದಿಂದ ಐವತ್ತು ವರ್ಷ ನೀವು ಹತ್ತಿ ಇಳಿದು, ಬೆರಳಾಡಿಸಿದರೆ ತಿಳಿಯುವಷ್ಟು ತಗ್ಗು ಬಿದ್ದ ಕಲ್ಲು. "ಶರಣಪ್ಪ, ಅವ್ವಗ ಶಂಶಾಬಾದಿನ ಹೊಸಾ ಮನಿ ಒಗ್ಗಂಗಿಲ್ಲ. ಆಕಿ ಕಲ್ಲಾದ್ರೂ ಆಕಿ ಜೋಡಿ ಇರ್ಲಿ" ಅಂದರು.

ಯಾದಗಿರಿ ಬಿಟ್ಟು ಬಂದು ಈ ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ನೆಲಕ್ಕೆ ಫರ್ಶಿ ಕಲ್ಲು ಹಾಸಿದವನು ನಾನು. ಸುಣ್ಣದ ಗಚ್ಚಿನಲ್ಲಿ ಕೂತ ಹಳೆ ಮಾರ್ಬಲ್ಲನ್ನು ನಾಲ್ಕೂ ಕಡೆಯಿಂದ ಬಿಡಿಸಿಕೊಂಡು, ಮಗುವನ್ನು ಎತ್ತಿದ ಹಾಗೆ ಎತ್ತಬೇಕು ಅನ್ನುವುದು ಗೊತ್ತಿದ್ದವನು. ಗೊತ್ತಿದ್ದೂ ಒಂದೇ ಕಡೆ ಹಾರೆ ಹಾಕಿ ಮೈಭಾರ ಬಿಟ್ಟೆ — ಅವಸರ, ಸೊಕ್ಕು, ಏನಾದರೂ ಅನ್ನಿ. ಕಲ್ಲು ಮೂರು ತುಂಡಾಯಿತು. ಎರಡನ್ನು ನಾನೇ ಮಣ್ಣಿನ ಟ್ರ್ಯಾಕ್ಟರಿಗೆ ಎಸೆದೆ. ಒಂದು ತುದಿಯ ತುಂಡನ್ನು ಮಾತ್ರ ಚೀಲಕ್ಕೆ ಹಾಕಿಕೊಂಡೆ, ಅಂಗಡಿಯಲ್ಲಿ ಬಣ್ಣ ಹೊಂದಿಸಲು.

ಅದೇ ಬಿಳಿಯ ಕಲ್ಲು ಸಿಕ್ಕಿತು. ಹೊಸತರ ಹೊಳಪು ಹೋಗಲೆಂದು ಚಹಾದ ಡಿಕಾಕ್ಷನ್ ಹಚ್ಚಿ ಉಜ್ಜಿದೆ. ನಿಮ್ಮ ಐವತ್ತು ವರ್ಷದ ತಗ್ಗನ್ನು ಗ್ರೈಂಡರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಕೊರೆದೆ. ಉಳಿದಿದ್ದ ತುಂಡಿನಲ್ಲಿ ತಗ್ಗು ಇತ್ತು, ಆದರೆ ಅದು ಎಡ ತುದಿಯದೋ ಬಲ ತುದಿಯದೋ ನೆನಪಾಗಲಿಲ್ಲ. ದೇವರ ಮನೆಗೆ ಯಾರಾದರೂ ಬಲಗಾಲಿಟ್ಟೇ ಹೋಗುತ್ತಾರಲ್ಲ — ತಗ್ಗನ್ನು ಬಲಕ್ಕೆ ಮಾಡಿದೆ. ಮುಗಿದ ಮೇಲೆ ದೂರ ನಿಂತು ನೋಡಿ ಖುಷಿಪಟ್ಟೆ ಕೂಡ. ಆ ಖುಷಿ ನೆನೆದರೆ ಈಗ ಹೇಸಿಗೆಯಾಗುತ್ತದೆ.

ವಾಸ್ತುಶಾಂತಿಯ ದಿನ ನೀವು ಅದರ ಮೇಲೆ ಕಾಲಿಟ್ಟು ನಿಂತುಬಿಟ್ಟಿರಿ. ನಾನು ಬಾಗಿಲ ಹೊರಗೆ ಜನರ ಹಿಂದೆ ಇದ್ದೆ, ನಿಮ್ಮ ಕಾಲು ಕಾಣುತ್ತಿರಲಿಲ್ಲ. "ಇದು ನನ್ನ ಕಲ್ಲಲ್ಲ" ಅಂದಿರಿ. ಗೀತಕ್ಕ ತಿರುಗಿ ನನ್ನನ್ನು ನೋಡಿದರು.

"ಅದ ಐತ್ರಿ ಅವ್ವಾರ. ನಾನ ಕೈಯಾರೆ ಕಿತ್ತು ತಂದೀನಿ" ಅಂದೆ.

ಅಷ್ಟೇ. ಊಟ ಮಾಡಿ, ಗೀತಕ್ಕ ಕೊಟ್ಟ ಶಾಲು ಹೊದ್ದು ಮನೆಗೆ ಹೋದೆ. ಒಂದು ಕಲ್ಲಿನ ಸುಳ್ಳು ಕಲ್ಲಿನ ಕೆಳಗೇ ಇರುತ್ತದೆ ಅಂದುಕೊಂಡಿದ್ದೆ.

ಹೋದ ವಾರ ಅಡುಗೆಮನೆಯ ಎರಡು ಟೈಲು ಎದ್ದಿವೆ ಎಂದು ಗೀತಕ್ಕ ಕರೆದರು. ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ತಾವಾಗಿಯೇ ಹೇಳಿದರು: "ಆ ಕಲ್ಲಿನ ದಿನದಿಂದನ ನೋಡು ಶರಣಪ್ಪ, ಅವ್ವಗ ಮರೆವು ಸುರು ಆಗಿದ್ದು. ನಮ್ಮದಲ್ಲ, ನಮ್ಮದಲ್ಲ ಅಂತ ದಿನಾ ಜಗಳ. ಕಡೀಕ ಡಾಕ್ಟರ್ ಕಡೆ ಕರ್ಕೊಂಡು ಹೋದ್ವಿ. ಈಗ ಗುಳಿಗಿ ತಗೊಂತಾಳ. ಗ್ಯಾಸ್ ಹಚ್ಚಾಕ ಬಿಡಂಗಿಲ್ಲ, ಕಪಾಟಿನ ಕೀಲಿ ಕೊಡಂಗಿಲ್ಲ."

ಗಾರೆ ಮೆತ್ತುತ್ತಿದ್ದ ಕರಣಿಯನ್ನು ಕೆಳಗಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರೆ. ಇಲ್ಲಿ ನೆಲ ಡೊಂಕು ಮಾಡಿದವನು ನಾನು, ಹೆಜ್ಜೆ ತಪ್ಪಿದವರು ನೀವು ಎಂದು ಮನೆಯವರೆಲ್ಲ ನಂಬಿದರು. ಏಳು ವರ್ಷ — ನೀವು ಸರಿಯಾಗಿ ಹೇಳಿದ ಒಂದು ಮಾತಿಗೆ ಗುಳಿಗೆ.

ಅಷ್ಟರಲ್ಲಿ ನೀವು ಬಂದಿರಿ. ಗೋಡೆ ಹಿಡಿದು, ಮಡಚಲು ಬಾರದ ಬಲಗಾಲನ್ನು ಹಿಂದೆ ಬಿಟ್ಟು, ದೇವರ ಮನೆಯ ಕಲ್ಲಿಗೆ ಎಡಗಾಲಿಟ್ಟಿರಿ. ಎಡಗಾಲು. ನಿಮ್ಮ ಮೊಣಕಾಲು ಮದುವೆಗೆ ಮೊದಲೇ ಹಾಗಿತ್ತಂತೆ, ಗೀತಕ್ಕ ಆಮೇಲೆ ಹೇಳಿದರು. ನೀವು ಮೆಟ್ಟಿಲು ಹತ್ತುವುದನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ. ನಾನು ಕೊರೆದ ತಗ್ಗು ಬಲಬದಿಗೆ ಖಾಲಿ ಬಿದ್ದಿತ್ತು, ನಿಮ್ಮ ಹೆಜ್ಜೆ ಸಪಾಟು ಕಲ್ಲಿನ ಮೇಲಿತ್ತು.

ನನ್ನನ್ನು ಗುರುತು ಹಿಡಿದು ನೀವೇ ಹತ್ತಿರ ಬಂದಿರಿ. "ಅವತ್ತು ಮಂದ್ಯಾಗ ಹಂಗ ಅಂದೆ, ಮನಸಿಗಿ ಹಚ್ಕೋಬ್ಯಾಡಪ. ಕಲ್ಲು ನಮ್ಮದ. ನನ್ನ ತಲೀನ ಸರಿ ಇಲ್ಲ."

ನನ್ನಲ್ಲಿ ನೀವು ಕ್ಷಮೆ ಕೇಳಿದಿರಿ, ಅವ್ವಾರೇ. ನಾನು ಟೈಲು ಕೂಡಿಸಿ ಮುಗಿಸಿದೆ. ಚಹಾ ಕೊಟ್ಟರು, ಕುಡಿದೆ. ಈಗ ನೀವು ನಿಜವಾಗಿ ಮರೆಯುತ್ತೀರೋ, ಮರೆತವರ ಹಾಗೆ ಇರುವುದನ್ನು ಕಲಿತಿರೋ — ಅದು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯನ್ನೂ ನಾನೇ ಮುಚ್ಚಿದ್ದೇನೆ.

ಆ ತುಂಡು ಇನ್ನೂ ನನ್ನ ಚೀಲದಲ್ಲಿದೆ. ನಾಳೆ ಬೆಳಿಗ್ಗೆ ತರುತ್ತೇನೆ. ಈ ಕಾಗದವನ್ನು ಗೀತಕ್ಕನ ಎದುರಿಗೆ, ನಿಮ್ಮ ಎದುರಿಗೆ, ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಅವರು ಏನಂದರೂ ಅನ್ನಲಿ. ಕ್ಷಮೆ ಕೇಳುವುದಿಲ್ಲ, ಅದನ್ನು ನೀವು ಒಮ್ಮೆ ತಪ್ಪು ಮಾಡಿದವನಲ್ಲೇ ಕೇಳಿಬಿಟ್ಟಿದ್ದೀರಿ. ತುಂಡನ್ನು ನೆಲಕ್ಕಿಡುತ್ತೇನೆ, ನೀವು ಎಡಗಾಲಿಟ್ಟು ನೋಡಿ.

ವಾಸ್ತುಶಾಂತಿಯ ದಿನ ಆ ಮನೆ ತುಂಬ ಜನರಿದ್ದರು. ನಿಜ ಹೇಳಿದವರು ನೀವೊಬ್ಬರೇ.